ಇಂಗ್ಲಿಷ್ ಗಿಟಾರಿನ ಮೇಲೆ ಗೋವಿಂದ

ಒಂದು ಹಾಡು ಮನಸ್ಸಿಗೆ ಹಿಡಿಸಿದ್ದರೂ ಅದು ಹಿಡಿಸಿತೆಂದು ಬಾಯಿಬಿಟ್ಟು ಹೇಳಲು ಸಂಕೋಚವಾಗುವುದುಂಟು. ಕುಲಾ ಶೇಕರ್ ಎಂಬ ಬ್ರಿಟಿಷ್ ರಾಕ್ ತಂಡದ ‘ಕೆ’ ಎಂಬ ಆಲ್ಬಮ್ಮಿನ ವಿಷಯದಲ್ಲಿ ನನಗೆ ಆ ಸಂಕೋಚ ಇಷ್ಟು ವರ್ಷಗಳಾದರೂ ಹೋಗಿಲ್ಲ. 1996ರ ಸೆಪ್ಟೆಂಬರ್‌ನಲ್ಲಿ ಹೊರಬಂದು ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಅದರ ನಾಲ್ಕನೆಯ ಹಾಡಿನ ಹೆಸರು ‘ಗೋವಿಂದ’. ಆ ಹಾಡಿನಲ್ಲಿ ಒಂದೇ ಒಂದು ಇಂಗ್ಲಿಷ್ ಪದವಿಲ್ಲ. ‘ಗೋವಿಂದ ಜಯ ಜಯ, ಗೋಪಾಲ ಜಯ ಜಯ, ರಾಧಾರಮಣ ಹರಿ, ಗೋವಿಂದ ಜಯ ಜಯ’ ಎಂದು ನಮ್ಮ ಯಾವ ಬೀದಿಯ ಭಜನೆಯಲ್ಲಾದರೂ ಕೇಳಬಹುದಾದ ಸಾಲುಗಳನ್ನೇ ಕ್ರಿಸ್ಪಿಯನ್ ಮಿಲ್ಸ್ ಎಂಬ ಇಂಗ್ಲಿಷ್ ಯುವಕ, ಒರಟು ಗಿಟಾರಿನ ಹಿಮ್ಮೇಳದಲ್ಲಿ, ತುಸು ಮೂಗುದನಿಯಲ್ಲಿ ಹಾಡುತ್ತಾರೆ. ಅದೇ ವರ್ಷದ ನವೆಂಬರ್‌ನಲ್ಲಿ ಬಿಡಿಹಾಡಾಗಿ ಬಂದಾಗ ಅದು ಅಲ್ಲಿನ ಪಟ್ಟಿಯಲ್ಲಿ 7ನೆಯ ಸ್ಥಾನವನ್ನು ಮುಟ್ಟಿತು. ನನ್ನ ಸಂಕೋಚಕ್ಕೆ ಕಾರಣವನ್ನು ಹುಡುಕುತ್ತ ಹೋದಾಗ ಕಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲ ಸಲ ಕೇಳಿದ್ದು 1997ರ ಬೇಸಿಗೆಯಲ್ಲಿ, ಮೈಸೂರಿನ ನಮ್ಮ ಮನೆಯಲ್ಲಿ. ಓದಲೆಂದು ಇಂಗ್ಲೆಂಡಿಗೆ ಹೋಗಿದ್ದ ದೊಡ್ಡಪ್ಪನ ಮಗ ರಜೆಗೆ ಬಂದಿದ್ದ. ಅವನ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹೆಚ್ಚಾಗಿ ಸಿ.ಡಿ.ಗಳಿದ್ದವು. ಆಗ ನಮ್ಮ ಮನೆಯಲ್ಲಿದ್ದದ್ದು ಕ್ಯಾಸೆಟ್ ಹಾಕುವ ಟೇಪ್‌ರೆಕಾರ್ಡರ್ ಮಾತ್ರ. ಅಣ್ಣ ತಾನು ತಂದಿದ್ದ ಪುಟ್ಟ ಸಿ.ಡಿ. ಪ್ಲೇಯರಿಗೆ ಒಂದು ತಂತಿ ಸಿಕ್ಕಿಸಿ ಅದರ ಇನ್ನೊಂದು ತುದಿಯನ್ನು ಟೇಪ್‌ರೆಕಾರ್ಡರಿನ ಹಿಂಬದಿಗೆ ಚುಚ್ಚಿದ. ತಂತಿ ಸ್ವಲ್ಪ ಅಲ್ಲಾಡಿದರೂ ಒಂದು ಕಡೆಯ ಸ್ಪೀಕರ್ ಮೌನವಾಗುತ್ತಿತ್ತು. ಆದ್ದರಿಂದ ಹಾಡು ಮುಗಿಯುವವರೆಗೂ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಳ್ಳುವ ಕೆಲಸ ನನ್ನದಾಯಿತು. ನಾಲ್ಕನೆಯ ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೆ, ದೇವರ ಮನೆಯಲ್ಲಿ ಸಂಜೆಯ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ ಸೋದರಮಾವ ಬಾಗಿಲಿಗೆ ಬಂದು ನಿಂತರು.

“ಏನೋ ಅದು? ಯಾರು ಹಾಡ್ತಿರೋದು?”

“ಇಂಗ್ಲೆಂಡಿನವರು, ಮಾವ.”

ಅವರು ನಿಂತೇ ಪೂರ್ತಿ ಕೇಳಿದರು. ಬೆರಳಿಗೆ ಅಂಟಿದ್ದ ಹತ್ತಿಯನ್ನು ಉಂಡೆ ಮಾಡುತ್ತ, “ಶ್ರುತಿ ಸೇರಿದೆ” ಎಂದಷ್ಟೇ ಹೇಳಿದರು. ಆ ಹೊತ್ತಿಗೆ ನನಗೆ ಹೆಮ್ಮೆಯೂ ನಾಚಿಕೆಯೂ ಒಟ್ಟಿಗೇ ಆಗಿದ್ದವು. ನಮ್ಮ ಮನೆಯ ಮಾತನ್ನು ಅಷ್ಟು ದೂರದವರು ಹಾಡುತ್ತಿದ್ದಾರೆಂಬುದು ಹೆಮ್ಮೆ. ಧನುರ್ಮಾಸದ ಬೆಳಗಿನ ಭಜನೆಗೆ ಕರೆದರೆ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದ ನಾನು, ಅದೇ ನಾಮವನ್ನು ಬಿಳಿಯರು ಹಾಡಿದ ಮೇಲೆ ತಂತಿ ಹಿಡಿದು ಕುಳಿತಿದ್ದೇನಲ್ಲ ಎಂಬುದು ನಾಚಿಕೆ.

ಯಾವ ಭಾರತ?

ಕಾಲೇಜು ಸೇರಿ ಅರವತ್ತರ ದಶಕದ ರಾಕ್ ಸಂಗೀತವನ್ನು ಕ್ರಮವಾಗಿ ಕೇಳತೊಡಗಿದ ಮೇಲೆ ನನ್ನ ಹೆಮ್ಮೆಯ ಬುಡ ಅಲ್ಲಾಡಿತು. ‘ಕೆ’ ಆಲ್ಬಮ್ಮಿನಲ್ಲಿರುವುದು ಭಾರತವೆಂದು ನಾನು ತಿಳಿದುಕೊಂಡಿದ್ದೆ. ಅದರಲ್ಲಿರುವುದು 1966ರಿಂದ 1970ರವರೆಗಿನ ಲಂಡನ್ ನಗರ. ಆ ಲಂಡನ್ ತನ್ನ ಸಲುವಾಗಿ ಕಟ್ಟಿಕೊಂಡಿದ್ದ ಒಂದು ಭಾರತ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1965ರಲ್ಲಿ ‘ನಾರ್ವೀಜಿಯನ್ ವುಡ್’ ಹಾಡಿಗೆ ಸಿತಾರಿನ ಒಂದೆರಡು ಎಳೆ ಸೇರಿಸಿದರು. ಮರುವರ್ಷ ಬೀಟಲ್ಸ್ ತಂಡ ‘ಟುಮಾರೋ ನೆವರ್ ನೋಸ್’ ಹಾಡಿನಲ್ಲಿ ತಂಬೂರಿಯ ನಾದವನ್ನು ನೆಲವಾಗಿ ಹಾಸಿ, ಅದರ ಮೇಲೆ ಹಿಂದುಮುಂದಾಗಿ ಓಡುವ ಟೇಪುಗಳನ್ನು ಹರಿಯಬಿಟ್ಟಿತು. 1967ರಲ್ಲಿ ಬಂದ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ಮಿನ ಹೊದಿಕೆಯ ಜನಜಂಗುಳಿಯಲ್ಲಿ ಹ್ಯಾರಿಸನ್ನರ ಇಚ್ಛೆಯಂತೆ ಪರಮಹಂಸ ಯೋಗಾನಂದರೂ ಅವರ ಗುರುಪರಂಪರೆಯವರೂ ನಿಂತರು. ಭಾರತದಲ್ಲಿ ಜನ ನೊಂದುಕೊಂಡಾರೆಂಬ ಅಂಜಿಕೆಯಿಂದ ಗಾಂಧೀಜಿಯವರನ್ನು ಅಲ್ಲಿಂದ ತೆಗೆಯಲಾಯಿತು. 1968ರಲ್ಲಿ ಬೀಟಲ್ಸರ ಹೃಷೀಕೇಶ ಯಾತ್ರೆ, 1969ರಲ್ಲಿ ಹ್ಯಾರಿಸನ್ನರ ನಿರ್ಮಾಣದಲ್ಲಿ ಲಂಡನ್ನಿನ ರಾಧಾಕೃಷ್ಣ ಮಂದಿರದ ಭಕ್ತರು ಹಾಡಿದ ಹರೇಕೃಷ್ಣ ಮಂತ್ರ, 1970ರಲ್ಲಿ ಹ್ಯಾರಿಸನ್ನರದೇ ಹಾಡು ‘ಮೈ ಸ್ವೀಟ್ ಲಾರ್ಡ್’.

‘ಕೆ’ ಆಲ್ಬಮ್ಮಿನ ಹೊದಿಕೆಯನ್ನು ಈ ಬೆಳಕಿನಲ್ಲಿ ನೋಡಿದರೆ ಅದರ ವಂಶ ತಿಳಿಯುತ್ತದೆ. ಕಾಮಿಕ್ಸ್ ಚಿತ್ರಕಾರ ಡೇವ್ ಗಿಬ್ಬನ್ಸ್ ಬರೆದಿರುವ ಆ ಚಿತ್ರದಲ್ಲಿಯೂ ಒಂದು ಜನಜಂಗುಳಿಯಿದೆ. ಅಲ್ಲಿರುವವರೆಲ್ಲರೂ ಹೆಸರಿನಲ್ಲಿ ಎಲ್ಲಾದರೊಂದು ಕಡೆ ‘ಕೆ’ ಅಕ್ಷರವನ್ನು ಹೊತ್ತವರು. ನಾನೂ ಅಣ್ಣನೂ ಆ ಅಂಗೈಯಗಲದ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಕಾರ್ಲ್ ಮಾರ್ಕ್ಸ್, ಕೆನಡಿ, ಮಾರ್ಟಿನ್ ಲೂಥರ್ ಕಿಂಗ್ ಎಂದು ಒಬ್ಬೊಬ್ಬರನ್ನೇ ಗುರುತು ಹಿಡಿದಿದ್ದೆವು. ಅದು ‘ಸಾರ್ಜೆಂಟ್ ಪೆಪ್ಪರ್’ ಹೊದಿಕೆಯ ಮೊಮ್ಮಗುವೆಂಬುದು ನನಗೆ ಆಗ ಹೊಳೆದಿರಲಿಲ್ಲ. ಹಾಡುಗಳ ಹೆಸರುಗಳೂ ಹಾಗೆಯೇ. ‘ಹೇ ಡ್ಯೂಡ್’ ಎಂಬುದು ಬೀಟಲ್ಸರ ‘ಹೇ ಜೂಡ್’ ಹಾಡಿನ ಕಡೆಗೆ ಬೆರಳು ಮಾಡುತ್ತದೆಂದು ವಿವರಿಸಬೇಕಾಗಿಲ್ಲ. ‘ಗ್ರೇಟ್‌ಫುಲ್ ವೆನ್ ಯೂ ಆರ್ ಡೆಡ್ – ಜೆರ್ರಿ ವಾಸ್ ದೇರ್’ ಎಂಬ ಜೋಡಿ ಹೆಸರು ಸ್ಯಾನ್ ಫ್ರಾನ್ಸಿಸ್ಕೋದ ಗ್ರೇಟ್‌ಫುಲ್ ಡೆಡ್ ತಂಡಕ್ಕೂ, 1995ರ ಆಗಸ್ಟ್‌ನಲ್ಲಿ ತೀರಿಕೊಂಡ ಅದರ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ಅವರಿಗೂ ಸಲ್ಲಿಸಿದ ನಮಸ್ಕಾರ. ಜೇ ಡಾರ್ಲಿಂಗ್ಟನ್ ನುಡಿಸುವ ಆರ್ಗನ್ನಿನ ದಪ್ಪ ದನಿ, ಬಾಯಿ ತೆರೆದು ಮುಚ್ಚಿದಂತೆ ಕೇಳುವ ವಾ-ವಾ ಪೆಡಲಿನ ಗಿಟಾರ್ ಎಲ್ಲವೂ ಅದೇ ಅಂಗಡಿಯ ಸಾಮಾನು.

ಧ್ವನಿಮುದ್ರಣದ ಕೊಠಡಿಯಲ್ಲಿಯೂ ಈ ಕೊಂಡಿ ಇದೆ. ಆಲ್ಬಮ್ಮಿನ ನಿರ್ಮಾಪಕರಲ್ಲಿ ಮುಖ್ಯರಾದವರು ಜಾನ್ ಲೆಕ್ಕಿ. 1989ರಲ್ಲಿ ಸ್ಟೋನ್ ರೋಸಸ್ ತಂಡದ ಮೊದಲ ಆಲ್ಬಮ್ಮನ್ನು ರೂಪಿಸಿ, ಅರವತ್ತರ ದಶಕದ ಹೊಳಪನ್ನು ಹೊಸ ತಲೆಮಾರಿಗೆ ದಾಟಿಸಿದವರು ಅವರೇ. ಅದಕ್ಕೂ ಬಹಳ ಮೊದಲು, 1970ರಲ್ಲಿ, ಅವರು ಲಂಡನ್ನಿನ ಅಬೆ ರೋಡ್ ಸ್ಟುಡಿಯೋಕ್ಕೆ ಟೇಪ್ ಓಡಿಸುವ ಹುಡುಗನಾಗಿ ಸೇರಿ, ಹ್ಯಾರಿಸನ್ನರ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಆಲ್ಬಮ್ಮಿನ ಮುದ್ರಣದಲ್ಲಿ ಕೆಲಸ ಮಾಡಿದ್ದರು. ‘ಮೈ ಸ್ವೀಟ್ ಲಾರ್ಡ್’ ಇರುವುದು ಆ ಆಲ್ಬಮ್ಮಿನಲ್ಲಿಯೇ. ಅದರ ಕೊನೆಯ ಭಾಗದಲ್ಲಿ ಹಿಂದಿನ ದನಿಗಳು ‘ಗುರುರ್ಬ್ರಹ್ಮಾ ಗುರುರ್ವಿಷ್ಣುಃ’ ಎಂದು ಹೇಳುವುದು ಗಮನವಿಟ್ಟವರಿಗೆ ಕೇಳಿಸುತ್ತದೆ. ಅಂದರೆ ‘ಕೆ’ ಎರಡು ಸಲ ಹಳೆಯದಾದ ಆಲ್ಬಮ್. ಭಾರತವನ್ನು ನೋಡಿದ ಲಂಡನ್ನನ್ನು ನೋಡಿದ ಲಂಡನ್ ಅದು. ಅಲ್ಲಿನ ಪತ್ರಿಕೆಗಳಲ್ಲಿ ಹಲವರು ಈ ತಂಡವನ್ನು ಹೀಗಳೆದದ್ದೂ ಇದೇ ಕಾರಣಕ್ಕೆ: ಮೂವತ್ತು ವರ್ಷ ಹಿಂದಿನವರ ಬಟ್ಟೆ ತೊಟ್ಟುಕೊಂಡು ಬಂದಿದ್ದಾರೆ, ಸ್ವಂತದ್ದೇನೂ ಇಲ್ಲ. ಮಿಲ್ಸ್ ಹೆಸರಾಂತ ಸಿನಿಮಾ ಮನೆತನದವರು, ನಟಿ ಹೇಲಿ ಮಿಲ್ಸ್ ಅವರ ಮಗ, ನಟ ಜಾನ್ ಮಿಲ್ಸ್ ಅವರ ಮೊಮ್ಮಗ ಎಂಬುದೂ ಆ ಅಸಡ್ಡೆಗೆ ಸೇರಿಕೊಂಡಿತು.

ಮಾವನ ಆಕ್ಷೇಪ

ಆ ಬೇಸಿಗೆಯಲ್ಲಿ ಮಾವ ಇನ್ನೊಂದು ಹಾಡನ್ನೂ ಕೇಳಿದರು. ಅದು ಆಲ್ಬಮ್ಮಿನ ಒಂಬತ್ತನೆಯ ಹಾಡು, ‘ತತ್ತ್ವ’. ಬ್ರಿಟನ್ನಿನಲ್ಲಿ 4ನೆಯ ಸ್ಥಾನಕ್ಕೇರಿದ ಹಾಡು. ಅದರ ಪಲ್ಲವಿ ‘ಅಚಿಂತ್ಯ ಭೇದಾಭೇದ ತತ್ತ್ವ’ ಎಂಬ ಮಾತು. ಇದು ಚೈತನ್ಯ ಮಹಾಪ್ರಭುಗಳ ಗೌಡೀಯ ಸಂಪ್ರದಾಯದ ಮೂಲ ಸಿದ್ಧಾಂತದ ಹೆಸರು. ಜೀವನು ದೇವರಿಂದ ಬೇರೆಯೂ ಹೌದು, ಬೇರೆಯಲ್ಲದವನೂ ಹೌದು, ಅದು ಹೇಗೆಂಬುದು ಚಿಂತನೆಗೆ ನಿಲುಕದ್ದು ಎಂಬುದು ಅದರ ಸಾರ. ಹಾಡಿನ ಇಂಗ್ಲಿಷ್ ಸಾಲುಗಳಲ್ಲಿ ಹೂವು ಮತ್ತು ಅದರ ಪರಿಮಳ, ಸೂರ್ಯ ಮತ್ತು ಅವನ ಬೆಳಕು ಎಂಬ ಹೋಲಿಕೆಗಳು ಬರುತ್ತವೆ. ಅವೂ ಆ ಸಂಪ್ರದಾಯದವರು ಪಾಠ ಹೇಳುವಾಗ ಕೊಡುವ ಉಪಮೆಗಳ ಜಾತಿಯವೇ. ರೇಡಿಯೋದಲ್ಲಿ ದಿನಕ್ಕೆ ಹಲವು ಸಲ ಬರುವ ಹಾಡಿನಲ್ಲಿ ಒಂದು ವೇದಾಂತ ಸಿದ್ಧಾಂತವನ್ನು ಉಪಮೆಯ ಸಮೇತ ಸರಿಯಾಗಿ ಇಟ್ಟದ್ದಕ್ಕೆ ನಾನು ಇಂದಿಗೂ ತಲೆದೂಗುತ್ತೇನೆ.

ನಮ್ಮದು ಮಾಧ್ವರ ಮನೆ. ಮಾವನಿಗೆ ಆ ಪಲ್ಲವಿ ಕಿವಿಗೆ ಬಿದ್ದದ್ದೇ ತಡ, ಊಟದ ಎಲೆಯ ಮುಂದೆಯೇ ಚರ್ಚೆ ಆರಂಭವಾಯಿತು. “ಭೇದ ಅಂದ್ರೆ ಭೇದ. ಅಭೇದ ಅಂದ್ರೆ ಅಭೇದ. ಎರಡೂ ಇದೆ ಅಂತ ಹೇಳಿದ ಮೇಲೆ ಹೇಗೆ ಅಂತಲೂ ಹೇಳ್ಬೇಕು. ಅಚಿಂತ್ಯ ಅಂದುಬಿಟ್ರೆ ಆಯ್ತೇ?” ಎಂದರು. ಅಣ್ಣ, “ಅದು ರಾಕ್ ಹಾಡು, ಮಾವ” ಎಂದ. “ಯಾವ ಹಾಡಾದ್ರೂ ಆಗಲಿ, ತತ್ತ್ವ ಅಂತ ಹೆಸರಿಟ್ಟಿದಾರಲ್ಲ” ಎಂದು ಮಾವ ಸಾರಿಗೆ ಕೈ ಹಾಕಿದರು. ಆಚಾರ್ಯ ಮಧ್ವರ ದರ್ಶನಕ್ಕೆ ತತ್ತ್ವವಾದವೆಂದೇ ಹೆಸರು. ಚೈತನ್ಯರು ಉಡುಪಿಗೆ ಬಂದು ಅಲ್ಲಿನ ತತ್ತ್ವವಾದಿಗಳೊಂದಿಗೆ ಮಾತನಾಡಿದ ಪ್ರಸಂಗವನ್ನು ‘ಚೈತನ್ಯ ಚರಿತಾಮೃತ’ ಹೇಳುತ್ತದೆ. ಗೌಡೀಯರು ತಮ್ಮ ಗುರುಪರಂಪರೆಯನ್ನು ಮಧ್ವಾಚಾರ್ಯರ ಮೂಲಕವೇ ಎಣಿಸುತ್ತಾರೆ. ಹಾಗಾಗಿ ಮಾವ ಆ ಹಾಡಿನೊಂದಿಗೆ ಆಡಿದ ಜಗಳ ಒಂದು ದೂರದ ನೆಂಟರ ಜಗಳವಾಗಿತ್ತು. ಇಂಗ್ಲೆಂಡಿನ ಯಾವ ವಿಮರ್ಶಕನೂ ಆ ಹಾಡಿಗೆ ಅಷ್ಟು ಗೌರವ ಕೊಟ್ಟಿರಲಾರ. ಅಲ್ಲಿನವರು ಅದನ್ನು ವೇಷವೆಂದುಕೊಂಡರು. ಮಾವ ಅದನ್ನು ಒಂದು ಪೂರ್ವಪಕ್ಷವೆಂದು ಎಣಿಸಿ ಉತ್ತರ ಕೊಟ್ಟರು.

ಅಮಲಿನ ನಾದ, ಅಮಲು ಬಿಟ್ಟವರ ನಾಮ

ಅರವತ್ತರ ದಶಕದ ಈ ಬಗೆಯ ರಾಕ್‌ಗೆ ಸೈಕೆಡೆಲಿಕ್ ಸಂಗೀತವೆಂದು ಹೆಸರು. ಅದು ಹುಟ್ಟಿದ್ದು ಎಲ್.ಎಸ್.ಡಿ. ಎಂಬ ಅಮಲು ಪದಾರ್ಥದ ನೆರಳಿನಲ್ಲಿ. ಹೊತ್ತು ಹಿಗ್ಗಿದಂತೆ, ದನಿಗೆ ಬಣ್ಣ ಬಂದಂತೆ, ಗೋಡೆ ಉಸಿರಾಡಿದಂತೆ ಅನ್ನಿಸುವ ಆ ಸ್ಥಿತಿಯನ್ನು ಸಂಗೀತದಲ್ಲಿ ಹಿಡಿಯಲು ಹೊರಟವರಿಗೆ ಎರಡು ದಾರಿಗಳು ಸಿಕ್ಕಿದವು. ಒಂದು ಯಂತ್ರದ್ದು: ಟೇಪನ್ನು ತಿರುಗಿಸಿ ಓಡಿಸುವುದು, ಒಂದೇ ದನಿಯನ್ನು ಕೂದಲೆಳೆಯಷ್ಟು ತಡಮಾಡಿ ಅದರ ಮೇಲೆಯೇ ಕೂಡಿಸುವುದು. 1966ರಲ್ಲಿ ಅಬೆ ರೋಡಿನ ಕೆನ್ ಟೌನ್‌ಸೆಂಡ್ ಇದಕ್ಕೆಂದೇ ಒಂದು ವಿಧಾನವನ್ನು ಕಂಡುಹಿಡಿದರು. ಇನ್ನೊಂದು ದಾರಿ ನಮ್ಮ ಶ್ರುತಿ. ಪಾಶ್ಚಾತ್ಯ ಪಾಪ್ ಸಂಗೀತದಲ್ಲಿ ಕಾರ್ಡ್, ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು, ಬದಲಾಗುತ್ತಿದ್ದರೇ ಹಾಡು ಮುಂದೆ ಸಾಗಿದಂತೆ. ಕಾರ್ಡ್ ಬದಲಾಗದೆ ಒಂದೇ ಆಧಾರಸ್ವರ ನಿಂತುಬಿಟ್ಟರೆ ಕಾಲವೇ ನಿಂತಂತೆ ಆ ಕಿವಿಗೆ ಕೇಳಿಸುತ್ತದೆ. ನಮಗೆ ಅದರಲ್ಲಿ ಬೆರಗಿಲ್ಲ. ಶ್ರುತಿಪೆಟ್ಟಿಗೆಯ ತಿದಿ ಒತ್ತಿದ ಮೇಲೆಯೇ ನಮ್ಮಲ್ಲಿ ಗಂಟಲು ತೆರೆಯುವುದು. ಅದು ಮನೆಯ ನೆಲವಿದ್ದಂತೆ, ಕಾಲಡಿಗೆ ಇದೆಯೆಂಬುದೇ ಮರೆತುಹೋಗಿರುತ್ತದೆ. ಅವರಿಗೆ ಅಮಲಿನ ಗುರುತಾಗಿ ಕೇಳಿದ ನಾದ ನಮಗೆ ಎಚ್ಚರದ ಗುರುತು.

ಹೀಗಿರುವಾಗ ‘ಗೋವಿಂದ’ ಹಾಡಿನಲ್ಲಿ ಒಂದು ವಿಚಿತ್ರ ನಡೆಯುತ್ತದೆ. 1966ರಲ್ಲಿ ಭಕ್ತಿವೇದಾಂತ ಪ್ರಭುಪಾದರು ನ್ಯೂಯಾರ್ಕಿನಲ್ಲಿ ಕಟ್ಟಿದ, ಚೈತನ್ಯರ ಸಂಪ್ರದಾಯದ ಇಸ್ಕಾನ್ ಎಂಬ ಕೃಷ್ಣಭಕ್ತರ ಸಂಘ ತನ್ನವರಿಗೆ ಅಮಲು ಪದಾರ್ಥವನ್ನಿರಲಿ, ಕಾಫಿ ಟೀಯನ್ನೂ ನಿಷೇಧಿಸಿತ್ತು. ಆ ಬಳಗದ ಸಂಕೀರ್ತನೆಯನ್ನು ಕುಲಾ ಶೇಕರ್ ತಂಡ ಅಮಲಿನ ಯುಗದ ಸಲಕರಣೆಗಳಿಂದಲೇ ನುಡಿಸುತ್ತದೆ. ಗಿಟಾರ್ ಒಂದು ಭಾರವಾದ ಸಾಲನ್ನು ಮತ್ತೆ ಮತ್ತೆ ನುಡಿಸುತ್ತದೆ. ಅಲೋನ್ಜಾ ಬೆವನ್ ಅವರ ಬೇಸ್ ಗಿಟಾರ್ ಮತ್ತು ಪಾಲ್ ವಿಂಟರ್‌ಹಾರ್ಟ್ ಅವರ ಡ್ರಮ್ಸ್ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತವೆ. ಒಂದು ಹೆಣ್ಣುದನಿ ಆಗಾಗ ಮೇಲೆ ತೇಲಿಹೋಗುತ್ತದೆ. ಹಾಡು ಬಹುಮಟ್ಟಿಗೆ ಒಂದೇ ಆಧಾರಸ್ವರದ ಮೇಲೆ ನಿಂತಿದೆ. ಆ ನಾದವನ್ನು ಇಲ್ಲಿ ಬರಿಯ ಬಣ್ಣವಾಗಿ ಬಳಿದಿಲ್ಲ, ಅದರ ಮೇಲೆ ಕಾಲೂರಿ ನಿಂತಿದ್ದಾರೆ. ಮಾವ “ಶ್ರುತಿ ಸೇರಿದೆ” ಎಂದದ್ದರ ಅರ್ಥ ನನಗೆ ಆದದ್ದು ಬಹಳ ತಡವಾಗಿ.

ಆಲ್ಬಮ್ಮಿನ ಎಲ್ಲ ಹಾಡುಗಳ ಬಗೆಗೂ ಇದೇ ಮಾತನ್ನು ನಾನು ಹೇಳಲಾರೆ. ‘ಟೆಂಪಲ್ ಆಫ್ ಎವರ್‌ಲಾಸ್ಟಿಂಗ್ ಲೈಟ್’ ಹಾಡಿನಲ್ಲಿ ಗುಡಿಯ ಹೆಸರಿದೆ, ಗುಡಿಯಿಲ್ಲ. ‘ಸ್ಲೀಪಿಂಗ್ ಜೀವ’ ಎಂಬ ಚಿಕ್ಕ ತುಣುಕು ಅಗರಬತ್ತಿಯ ಹೊಗೆಯಂತೆ ಬಂದು ಹೋಗುತ್ತದೆ. ಇಂಗ್ಲೆಂಡಿನ ಎ303 ರಸ್ತೆಯ ಮೇಲಿನ ‘303’ ನನಗೆ ಇವೆರಡಕ್ಕಿಂತ ಹೆಚ್ಚು ಇಷ್ಟ. ಸ್ಟೋನ್‌ಹೆಂಜ್ ಎಂಬ ಪುರಾತನ ಕಲ್ಲುಗಳ ವೃತ್ತದ ಪಕ್ಕದಲ್ಲಿ ಹಾದುಹೋಗುವ ತಮ್ಮ ಸ್ವಂತ ರಸ್ತೆಯನ್ನು ಹಾಡುವಾಗ ಆ ಹುಡುಗರ ಉತ್ಸಾಹಕ್ಕೆ ಯಾರ ಸಾಲವೂ ಬೇಕಾಗಿಲ್ಲ.

ಹೊಸ್ತಿಲಿನ ಮೇಲಿನ ಗುರುತು

ಈ ತಂಡದ ಕಥೆಯಲ್ಲಿ ಬಿಟ್ಟುಬಿಡಲಾಗದ ಒಂದು ಪ್ರಸಂಗವಿದೆ. 1997ರಲ್ಲಿ ಮಿಲ್ಸ್ ಸಂದರ್ಶನವೊಂದರಲ್ಲಿ ಸ್ವಸ್ತಿಕದ ಮೇಲಿನ ತಮ್ಮ ಮೋಹವನ್ನು ಹೇಳಿಕೊಂಡು, ವೇದಿಕೆಯ ಮೇಲೆ ಉರಿಯುವ ಸ್ವಸ್ತಿಕಗಳಿದ್ದರೆ ಚೆನ್ನವೆಂಬಂತೆ ಮಾತನಾಡಿದರು. ಅದು ದೊಡ್ಡ ವಿವಾದವಾಯಿತು. ಅವರು ವಿಷಾದ ವ್ಯಕ್ತಪಡಿಸಿ, ತಾವು ಹೇಳಹೊರಟದ್ದು ಭಾರತದ ಮಂಗಳಚಿಹ್ನೆಯ ವಿಷಯವೆಂದು ವಿವರಿಸಿದರೂ ತಂಡದ ಹೆಸರು ಮತ್ತೆ ಮೊದಲಿನಂತಾಗಲಿಲ್ಲ. ಎರಡನೆಯ ಆಲ್ಬಮ್ ಬಂದ 1999ರಲ್ಲಿಯೇ ತಂಡ ಒಡೆಯಿತು. ಹಲವು ವರ್ಷಗಳ ಅನಂತರ ಮತ್ತೆ ಕೂಡಿತು. ‘ಕೆ’ ಬಂದು 20 ವರ್ಷವಾದಾಗ ‘ಕೆ 2.0’ ಎಂಬ ಆಲ್ಬಮ್ಮನ್ನೂ ತಂದಿತು.

ಈ ವಿವಾದವನ್ನು ಓದಿದಾಗ ನಮ್ಮ ಮನೆಯಲ್ಲಿ ಅಮ್ಮ ಹೊಸ್ತಿಲಿಗೆ ಅರಿಸಿನ ಹಚ್ಚಿ ರಂಗೋಲಿಯಲ್ಲಿ ಎಳೆಯುವ ಸ್ವಸ್ತಿಕ ನೆನಪಾಯಿತು. ಆ ಗೆರೆಗಳಲ್ಲಿ ಯಾರ ಮೇಲಿನ ದ್ವೇಷವೂ ಇಲ್ಲವೆಂದು ನಾನು ಯಾರಿಗಾದರೂ ಹೇಳಬಲ್ಲೆ. ಆದರೆ ಹೊಸ್ತಿಲಿನ ಮೇಲೆ ಎಳೆದ ಗೆರೆ ಹೊಸ್ತಿಲಿನ ಮೇಲೆಯೇ ಇರುವವರೆಗೆ ಮಾತ್ರ ಆ ಮಾತು ನಿಲ್ಲುತ್ತದೆ. ಯುರೋಪಿನಲ್ಲಿ ಆ ಗುರುತಿನ ಕೆಳಗೆ ಲಕ್ಷಾಂತರ ಜನರನ್ನು ಕೊಂದಿದ್ದಾರೆ. ಅಲ್ಲಿ ಅದನ್ನು ವೇದಿಕೆಯ ಮೇಲೆ ಉರಿಸುವ ಮಾತಾಡುವವನು ನಮ್ಮ ಅಮ್ಮನ ಅರಿಸಿನದ ಬಟ್ಟಲನ್ನು ತೋರಿಸಿ ಪಾರಾಗಲು ಬಾರದು. ಮಿಲ್ಸ್ ಕೆಟ್ಟ ಮನಸ್ಸಿನಿಂದ ಹೇಳಿದರೆಂದು ನಾನು ಭಾವಿಸುವುದಿಲ್ಲ. ಭಾರತವನ್ನು ಅರವತ್ತರ ದಶಕದ ರೆಕಾರ್ಡುಗಳ ಕಪಾಟಿನಿಂದ ಎತ್ತಿಕೊಂಡವರಿಗೆ ಚಿಹ್ನೆಗಳೆಲ್ಲವೂ ಬರಿಯ ಚೆಲುವಾಗಿ ಕಾಣುತ್ತವೆ. ಅವುಗಳ ಮೇಲೆ ಜನ ಬದುಕಿರುವುದೂ ಸತ್ತಿರುವುದೂ ಕಾಣುವುದಿಲ್ಲ. ನನ್ನ ಸಂಕೋಚದ ಒಂದು ಬೇರು ಇಲ್ಲಿದೆ.

ಮುಂದೆ ಹಾಡುವವರು, ಹಿಂದೆ ಹೇಳುವವರು

ಇನ್ನೊಂದು ಬೇರು ನಕಲಿನ ಪ್ರಶ್ನೆಯದು. ಅದರ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಬದಲಾಗಿದೆ. ಹಿಂದಿನವರು ಮಾಡಿದ್ದನ್ನೇ ಮಾಡಿದರು ಎಂಬುದು ರಾಕ್ ಸಂಗೀತದಲ್ಲಿ ದೊಡ್ಡ ಆರೋಪ. ಭಜನೆಯಲ್ಲಿ ಅದು ಆರೋಪವೇ ಆಗಲಾರದು. ಧನುರ್ಮಾಸದಲ್ಲಿ ನಮ್ಮ ಬೀದಿಯ ಕೊನೆಯ ಗುಡಿಯಲ್ಲಿ ಬೆಳಗಿನ ಐದು ಗಂಟೆಗೆ ಮಾವ ಮುಂದೆ ಕುಳಿತು ಒಂದು ಸಾಲು ಹೇಳಿದರೆ, ತಾಳ ಹಿಡಿದ ಹತ್ತಿಪ್ಪತ್ತು ಜನ ಅದನ್ನೇ ತಿರುಗಿ ಹೇಳುತ್ತಿದ್ದರು. ಕೆಲವರ ದನಿ ಇನ್ನೂ ನಿದ್ದೆಯಲ್ಲಿರುತ್ತಿತ್ತು, ಕೆಲವರು ಅರ್ಧ ಸಾಲಿಗೆ ಬಂದು ಕೂಡಿಕೊಳ್ಳುತ್ತಿದ್ದರು, ಒಬ್ಬ ಅಜ್ಜನಂತೂ ಪ್ರತಿ ಸಲವೂ ಎಲ್ಲರಿಗಿಂತ ಒಂದು ಮಾತ್ರೆ ಹಿಂದೆಯೇ ಇರುತ್ತಿದ್ದರು. ಹೊಸದಾಗಿ ಹೇಳಬೇಕೆಂದು ಅಲ್ಲಿ ಯಾರಿಗೂ ಅನ್ನಿಸಿದ್ದಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ತಿರುಗಿ ಹೇಳುವುದೇ ನಾಮಸಂಕೀರ್ತನೆ. ಹೇಳುವಾಗ ದನಿ ತನ್ನದಾಗಿರುತ್ತದೆ, ಮಾತು ತನ್ನದಾಗಿರುವುದಿಲ್ಲ. ಹ್ಯಾರಿಸನ್ ಒಂದು ಸಾಲು ಹೇಳಿದರು. ಕಾಲು ಶತಮಾನದ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತ ಈ ನಾಲ್ವರು ಅದನ್ನು ತಿರುಗಿ ಹೇಳಿದರು. ರಾಕ್ ಸಂಗೀತದ ಲೆಕ್ಕದಲ್ಲಿ ಅವರು ತಡವಾಗಿ ಬಂದವರು. ನಮ್ಮ ಗುಡಿಯ ಆ ಅಜ್ಜನ ಲೆಕ್ಕದಲ್ಲಿ ಅಲ್ಲ.

ತಂಡದ ಹೆಸರಿನಲ್ಲಿಯೂ ಒಂದು ಹಿಂದಿನ ದನಿಯಿದೆ. ಕುಲಾ ಶೇಕರ್ ಎಂಬುದು ಚೇರರ ಅರಸನೂ ಆಳ್ವಾರರಲ್ಲಿ ಒಬ್ಬನೂ ಆದ ಕುಲಶೇಖರನ ಹೆಸರಿನ ಇಂಗ್ಲಿಷ್ ರೂಪ. ಎದುರು ಮನೆಯ ಅಯ್ಯಂಗಾರ್ ಅಜ್ಜಿ ಅವನ ‘ಮುಕುಂದಮಾಲೆ’ಯನ್ನು ನಿತ್ಯ ಹೇಳುತ್ತಿದ್ದರು. ಆ ಅರಸ ತನ್ನ ತಮಿಳು ಪಾಶುರವೊಂದರಲ್ಲಿ, ತಿರುಮಲೆಯ ಒಡೆಯನೆದುರು ಹೊಸ್ತಿಲಾಗಿ ಬಿದ್ದುಕೊಂಡು ಅವನ ಹವಳದ ತುಟಿಯನ್ನು ನೋಡುತ್ತಿರುವಂತಾಗಲಿ ಎಂದು ಬೇಡಿಕೊಂಡಿದ್ದಾನೆ. ಅದಕ್ಕಾಗಿಯೇ ತಿರುಪತಿಯ ಗರ್ಭಗುಡಿಯ ಹೊಸ್ತಿಲಿಗೆ ಕುಲಶೇಖರ ಪಡಿ ಎಂದು ಹೆಸರು.

ಮಾವ ತೀರಿಕೊಂಡ ಮರುವರ್ಷ ನಾನು ಅಮ್ಮನನ್ನು ಕರೆದುಕೊಂಡು ತಿರುಪತಿಗೆ ಹೋಗಿದ್ದೆ. ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಒಳಗೆ ಸರಿಯುತ್ತಿದ್ದಂತೆ, ಈ ಸಲವಾದರೂ ಆ ಹೊಸ್ತಿಲನ್ನು ಕಣ್ಣಿಟ್ಟು ನೋಡಬೇಕೆಂದುಕೊಂಡೆ. ನಮ್ಮಂಥವರನ್ನು ಅಷ್ಟು ಹತ್ತಿರಕ್ಕೆ ಬಿಡುವುದಿಲ್ಲ. ಮುಂದಿನವರ ತಲೆಗಳ ಮೇಲಿಂದ ದೀಪದ ಬೆಳಕೂ ಒಡೆಯನ ದೊಡ್ಡ ನಾಮವೂ ಕಂಡವು. ಕೆಳಗಿನ ಕಲ್ಲು ಕಾಣಲಿಲ್ಲ. ‘ಜರಗಂಡಿ, ಜರಗಂಡಿ’ ಎನ್ನುತ್ತ ಒಂದು ಕೈ ನನ್ನ ಭುಜವನ್ನು ಬಾಗಿಲ ಕಡೆಗೆ ತಿರುಗಿಸಿತು. ಹಿಂದಿನಿಂದ ಯಾರೋ ಹೆಂಗಸು ಗಂಟಲು ಬಿರಿಯುವಂತೆ “ಗೋವಿಂದಾ” ಎಂದರು. ಸಾಲಿಗೆ ಸಾಲೇ “ಗೋವಿಂದ” ಎಂದಿತು. ಅಮ್ಮ ಹೇಳಿದರು, ನಾನೂ ಹೇಳಿದೆ.